ಮುಖ ಬೇರೆ, ಸೊಸೆ ಅದೇ

ಆ ಧಾರಾವಾಹಿ ಎಂದೋ ಮುಗಿಯಬೇಕಿತ್ತು. ಅದರಲ್ಲಿ ಸತ್ತವರು ಎದ್ದು ಬಂದಿದ್ದರು, ಜೈಲಿಗೆ ಹೋದವರು ಸ್ವಾಮಿಗಳಾಗಿ ತಿರುಗಿ ಬಂದಿದ್ದರು, ತೊಟ್ಟಿಲಲ್ಲಿದ್ದ ಕೂಸು ಮಾತ್ರ ಇನ್ನೂ ತೊಟ್ಟಿಲಲ್ಲೇ ಇತ್ತು. ಬೆಟಗೇರಿಯ ನಮ್ಮ ಓಣಿಯವರೆಲ್ಲ ಬೇಸತ್ತು ನೋಡುವುದು ಬಿಟ್ಟರೂ ನಮ್ಮತ್ತೆ ಬಿಡಲಿಲ್ಲ. ದೀಪ ಹಚ್ಚಿದ ಕೂಡಲೇ ಟಿವಿ ಮುಂದೆ ಕೂತು, "ಇವರಿಗೆ ಒಂದ್ ಸಾವಾದ್ರೂ ಬರವಲ್ದಲ್ಲ" ಎಂದು ಬೈಯುತ್ತಲೇ ನೋಡುತ್ತಿದ್ದರು. ಪಕ್ಕದಲ್ಲಿ ನಾನು ಮೆಂತ್ಯಸೊಪ್ಪು ಸೋಸುತ್ತ ಕೂರುತ್ತಿದ್ದೆ.

ನಾನು ಆ ಮನೆಗೆ ಎರಡನೆಯವಳಾಗಿ ಬಂದವಳು. ಮೊದಲಿನಾಕೆ ಜ್ವರದಲ್ಲಿ ತೀರಿಕೊಂಡಿದ್ದಳು. ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ನಮ್ಮ ಕಡೆ ಕೆಲವು ಮನೆಗಳಲ್ಲಿ ರೂಢಿ. ಅತ್ತೆ ತಟ್ಟೆಯಲ್ಲಿ ಅಕ್ಕಿ ಹರವಿಸಿ, ಅದರ ಮೇಲೆ ನನಗೆಂದು ತೀರಿಕೊಂಡಾಕೆಯ ಹೆಸರನ್ನೇ ಬರೆಸಿದರು. ಕೊರ್ಲಹಳ್ಳಿಯ ನಮ್ಮವ್ವನ ಮುಖ ಸಣ್ಣದಾಯಿತು. ನಾನೇ, "ಇರ್ಲಿ ಬಿಡಬೇ, ಯಾ ಹೆಸರ್ಲೆ ಕರದ್ರೂ ರೊಟ್ಟಿ ಬಡಿಯಾಕಿ ನಾನ ಅಲ್ಲೇನು" ಎಂದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಒಂದು ಸಂಜೆ ಧಾರಾವಾಹಿಯ ಹಿರಿಸೊಸೆಯ ಮುಖ ಬದಲಾಗಿತ್ತು. ಹೊಸ ನಟಿ ಬಂದಿದ್ದಾಳೆಂದು ತೆರೆಯ ಕೆಳಗೆ ಒಂದು ಸಾಲು ಹರಿದುಹೋಯಿತು, ಅಷ್ಟೇ. ಹಳೆಯವಳ ಸೀರೆಯುಟ್ಟು ಹೊಸಬಳು ಒಳಗೆ ಬಂದಳು. ಕೀಲಿಕೈ ಎಲ್ಲಿ ಎಂದು ಗಂಡ ಕೇಳಿದ, ಇವಳು ಸೀದಾ ಹೋಗಿ ತೆಗೆದುಕೊಟ್ಟಳು. ದನಿ ಮಾತ್ರ ಹಳೆಯವಳದೇ.

"ಅತ್ತಿ, ಅಕಿ ಬ್ಯಾರೇದಾಕಿ ಅನ್ನೂದು ಮನ್ಯಾಗ ಒಬ್ರಿಗೂ ಗೊತ್ತಾಗವಲ್ದೇನ್ರಿ?"

"ಗೊತ್ತಾಗಿ ಏನ್ ಮಾಡೂದೈತಿ? ಮನಿ ನಡೀಬೇಕಲ್ಲ," ಎಂದರು ಅತ್ತೆ, ತೆರೆಯಿಂದ ಕಣ್ಣು ಕೀಳದೆ.

ಅಂದಿನಿಂದ ನನಗೆ ಮನೆಯಲ್ಲಿ ಉಸಿರು ಕಟ್ಟತೊಡಗಿತು. ಅತ್ತೆ ಹೊಲಿಸಿ ತರುವ ಕುಪ್ಪಸಗಳು ಹೆಗಲಲ್ಲಿ ಬಿಗಿ. ದರ್ಜಿಗೆ ಯಾರ ಅಳತೆ ಕೊಟ್ಟಿದ್ದರೋ, ಕೇಳಲು ಧೈರ್ಯವಾಗಲಿಲ್ಲ. ಶೇಂಗಾ ಚಟ್ನಿ ಎಂದರೆ ನನಗೆ ಪ್ರಾಣ. ಗಂಡ ಒಂದು ದಿನ, "ನಿನಗ ಶೇಂಗಾ ಆಗಿಬರೂದಿಲ್ಲಲ್ಲ" ಎಂದು ಬಟ್ಟಲು ತನ್ನ ಕಡೆ ಎಳೆದುಕೊಂಡ. ನಾನು ಹೂಂ ಎಂದೆ. ಯಾಕೆ ಹೂಂ ಎಂದೆನೋ ಇವತ್ತಿಗೂ ತಿಳಿದಿಲ್ಲ. ಪಕ್ಕದ ಗದಗಿಗೆ ಮೆಣಸಿನಕಾಯಿ ಮಾರಲು ಬಂದಿದ್ದ ನಮ್ಮಣ್ಣ ಓಣಿಯ ತುದಿಯಿಂದ ನನ್ನ ತವರಿನ ಹೆಸರು ಹಿಡಿದು ಕೂಗಿದರೆ ನಾನು ತಿರುಗಲೇ ಇಲ್ಲ. ಅವನು ಬಂದು ಭುಜ ಅಲುಗಿಸಿದಾಗ ಅಳುವೇ ಬಂತು. ಅತ್ತೆ ಒಮ್ಮೆಯಾದರೂ ನನ್ನ ಹೆಸರು ಹಿಡಿದು ಕರೆಯದಿದ್ದರೆ ನಾನೆಂಬವಳು ಉಳಿಯುವುದಿಲ್ಲ ಎಂದು ಖರೆಖರೆ ಹೆದರಿದೆ.

ಮಳೆಗಾಲ ಕಳೆದ ಮೇಲೆ ಧಾರಾವಾಹಿಗೆ ಹಳೆಯ ನಟಿ ಮರಳಿದಳು.

"ಬಂದ್ಲು ನೋಡ, ನಮ್ಮಾಕಿ ಬಂದ್ಲು!" ಅತ್ತೆ ದಡಕ್ಕನೆ ಎದ್ದು ನಿಂತು ನಮ್ಮ ತಲೆಬಾಗಿಲ ಕಡೆ ನೋಡಿದರು. ಬಾಗಿಲಿಗೆ ಚಿಲಕ ಹಾಕಿತ್ತು.

"ಮತ್ತ ಇಷ್ಟು ದಿನ ಇದ್ದಾಕಿ ಎಲ್ಲಿ ಹೋದ್ಲ್ರಿ?"

"ಅಕೀದೇನೈತಿ. ಅಕಿ ಕೆಲಸ ಮುಗೀತು."

ಸಿಟ್ಟು ನೆತ್ತಿಗೇರಿತು. ಎದ್ದು ಟಿವಿ ಆರಿಸಿದೆ. "ಅತ್ತಿ, ನಮ್ಮವ್ವ ನನಗ ಇಟ್ಟಿದ್ದ ಹೆಸರು ಯಾವುದ್ರಿ? ಹೇಳ್ರಿ."

ಅತ್ತೆ ಆರಿದ ಟಿವಿಯ ಕಡೆಗೇ ನೋಡಿದರು. ಮರೆತಿದ್ದಾರೆ ಎಂದುಕೊಂಡೆ. ಬಾಯಿಗೆ ಸೆರಗು ಒತ್ತಿಕೊಂಡು ನಿಧಾನವಾಗಿ ಅಂದರು: "ಗೊತ್ತೈತವಾ. ದಿನಾ ನಾಲಿಗಿ ತುದಿಗೆ ಬರ್ತೈತಿ. ಆದ್ರ ಆ ಹೆಸರ್ಲೆ ನಿನ್ನ ಕರದ್ನೆಂದ್ರ, ಅಕಿ ಖರೇನ ಸತ್ತಂಗ ಆಕ್ಕೈತಲ್ಲ."

"ಸತ್ತಾಳ್ರಿ ಅತ್ತಿ," ಎಂದೆ.

ಅತ್ತೆ ಮೊದಲ ಸಲ ನನ್ನ ತವರಿನ ಹೆಸರು ಹಿಡಿದು ಕರೆದರು. "ಏನ್ರಿ ಅತ್ತಿ" ಎಂದೆ. ಆಮೇಲೆ ಅವರು, ಸಾವಿನ ಸುದ್ದಿ ಈಗಷ್ಟೇ ಬಂದಂತೆ ನೆಲಕ್ಕೆ ಕುಸಿದು, ಎದೆ ಬಡಿದುಕೊಳ್ಳುತ್ತ ಆ ಇನ್ನೊಂದು ಹೆಸರು ಕೂಗಿ ಅತ್ತರು. ಅಭ್ಯಾಸ ನೋಡಿ, ಅದಕ್ಕೂ ನಾನೇ ಓಗೊಟ್ಟೆ.