ಊಟ ಬಿಟ್ಟ ಬೆಣ್ಣೆ

ನನ್ನ ಅಪ್ಪ ನಾರಾಯಣರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಅಹಮದಾಬಾದಿನ ನವರಂಗಪುರದಲ್ಲಿ, ಕಾಲೇಜು ಹುಡುಗರ ಹಸಿವನ್ನೇ ನಂಬಿಕೊಂಡು ಅವರು ಉಡುಪಿ ಹೋಟೆಲು ನಡೆಸುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಯಾವಾಗಲೂ ಬಾಳೆಎಲೆಯ ಕಟ್ಟು ಕೂತಿರುತ್ತದೆ. ಅಪ್ಪ ಮಾತ್ರ ಮೇಜಿನಿಂದ ಮೇಜಿಗೆ ಸುತ್ತುತ್ತ, ಬೇಡ ಬೇಡ ಎಂದವರಿಗೂ ಸಾಂಬಾರು ಸುರಿಯುತ್ತಿರುತ್ತಾರೆ. ಮನೆಯಲ್ಲೂ ಇದೇ ಉಪಚಾರ. ನಾನು ನುಂಗುವ ಪ್ರತಿ ತುತ್ತನ್ನೂ ಅವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಓಡಿಹೋಗೋಣ ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಇಂಥವರ ಕೈಗೆ ಎರಡು ಆಮೆಗಳು ಸಿಕ್ಕವು. ಹೋಟೆಲಿನ ಹಳೆಯ ಗಿರಾಕಿಯೊಬ್ಬರು ಸೂರತ್ತಿಗೆ ಮನೆ ಬದಲಿಸುವಾಗ, ಅಲ್ಲಿ ಜಾಗವಿಲ್ಲವೆಂದು ಕಾಗದಪತ್ರದ ಸಮೇತ ಒಪ್ಪಿಸಿಹೋದರು. ಅವು ಆಫ್ರಿಕದ ನೆಲದಾಮೆಗಳು. ಅಪ್ಪ ದೊಡ್ಡದಕ್ಕೆ ಗುಂಡ ಎಂದೂ ಚಿಕ್ಕದಕ್ಕೆ ಬೆಣ್ಣೆ ಎಂದೂ ಹೆಸರಿಟ್ಟರು. ಮನೆಯ ಹಿಂದಿನ ಕಲ್ಲುಹಾಸಿನ ಪುಟ್ಟ ಅಂಗಳ ಅವುಗಳ ಪಾಲಿಗೆ ಬಂತು. ಬೆಣ್ಣೆಯ ಮೇಲೆ ಅಪ್ಪನಿಗೆ ಒಂದು ಕೈ ಹೆಚ್ಚೇ ಪ್ರೀತಿ. ಅವರ ದನಿ ಕೇಳಿದರೆ ಸಾಕು, ಅದು ಕತ್ತು ಚಾಚಿಕೊಂಡು ಬರುತ್ತಿತ್ತು. ಹೆತ್ತ ಮಗಳು ನಾನು ಹಾಗೆ ಬಂದದ್ದು ಯಾವ ಕಾಲಕ್ಕೋ!

ಅಪ್ಪ ಆಮೆಗಳನ್ನೂ ಹೋಟೆಲಿನ ಲೆಕ್ಕದಲ್ಲೇ ನೋಡಿಕೊಂಡರು. ಅಡುಗೆಮನೆ ತೊಳೆದ ಹಾಗೆ ಬೆಳಿಗ್ಗೆ ಸಂಜೆ ಅಂಗಳಕ್ಕೆ ನೀರು ಹೊಯ್ದು ಗಸಗಸ ತಿಕ್ಕುವುದು. ಒಂದೇ ಬಾಳೆಎಲೆಯಲ್ಲಿ ಎರಡಕ್ಕೂ ಬಡಿಸುವುದು. ಸೊಪ್ಪಿನ ಜೊತೆಗೆ ಇಡ್ಲಿ, ಮೊಸರನ್ನ, ಬಾಳೆಹಣ್ಣು. ಗುಂಡ ಎಲೆಯ ನಡುವೆ ಕೂತು ಬಾರಿಸುತ್ತಿತ್ತು. ಬೆಣ್ಣೆ ಹತ್ತಿರ ಬಂದರೆ ಗುದ್ದಿ ಮಗುಚಿಹಾಕುತ್ತಿತ್ತು. ಅಪ್ಪ ಕಳಿಸಿದ ವಿಡಿಯೊ ನೋಡಿ ಇದೇನು ಎಂದು ನಾನು ಫೋನಿನಲ್ಲಿ ಕೇಳಿದರೆ, "ಆಟ ಮಾರಾಯ್ತಿ, ಅಣ್ಣತಮ್ಮ ಅಲ್ವಾ? ಒಟ್ಟಿಗೆ ಉಂಡ್ರೆ ಸರಿಯಾಗ್ತದೆ" ಎಂದು ನಕ್ಕುಬಿಟ್ಟರು.

ಉತ್ತರಾಯಣದ ಚಳಿಗಾಳಿ ಬೀಸುವ ಹೊತ್ತಿಗೆ ಬೆಣ್ಣೆ ಊಟ ಬಿಟ್ಟಿತು. ಮೂಗಿನಲ್ಲಿ ಗುಳ್ಳೆ, ಉಸಿರೆಳೆಯಲು ಬಾಯಿ ಕಳೆಯುವುದು. ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಮದ್ದು, ಇನ್ನಷ್ಟು ಬಡಿಸುವುದು. ಹೋಟೆಲಿನಿಂದ ಗಳಿಗೆಗೊಮ್ಮೆ ಓಡಿಬಂದು ಬೇರೆ ಬೇರೆ ತಿಂಡಿ ಇಟ್ಟು ನೋಡಿದರು. ಕೊನೆಗೆ ಒಂದು ಬೆಳಿಗ್ಗೆ ಅಮ್ಮ ಫೋನು ಮಾಡಿದಳು. "ರಶ್ಮಿ, ನೀನೊಮ್ಮೆ ಬಾ. ಅಪ್ಪ ಅದರ ಬಾಯಿ ಬಿಡಿಸಿ ಚಮಚದಲ್ಲಿ ಗಂಜಿ ತುರುಕ್ತಿದ್ದಾರೆ. ನಾನು ಹೇಳಿದ್ರೆ ಕೇಳೂದಿಲ್ಲ."

ನಾನಿರುವುದು ವಡೋದರಾದಲ್ಲಿ. ಗಂಡ ಕಿರಣ್‌ಗೆ ಮಕರಪುರದ ಕಾರ್ಖಾನೆಯಲ್ಲಿ ಕೆಲಸ. ಸಿಕ್ಕ ರೈಲು ಹತ್ತಿ ಹೋಗಿ, ಅಪ್ಪನನ್ನೂ ಬೆಣ್ಣೆಯನ್ನೂ ಆಟೋದಲ್ಲಿ ಕೂರಿಸಿಕೊಂಡು ಪಶುವೈದ್ಯೆಯ ಬಳಿಗೆ ಓಡಿದೆ.

ಆಕೆ ಚಿಪ್ಪಿನ ಅಂಚನ್ನು ಬೆರಳಿನಿಂದ ಒತ್ತಿದರು. ಅದು ಮೆತ್ತಗೆ ಒಳಗೆ ಹೋಯಿತು. ಒದ್ದೆ ನೆಲದ ಥಂಡಿಗೆ ಶ್ವಾಸಕೋಶ ಕೆಟ್ಟಿದೆ, ಅನ್ನ ಹಣ್ಣು ತಿಂದು, ಬಿಸಿಲು ಸಾಲದೆ ಚಿಪ್ಪು ಗಟ್ಟಿಯಾಗಿಲ್ಲ, ಗಂಜಿ ಉಸಿರಿನ ದಾರಿಗೆ ಇಳಿದರೆ ಜೀವವೇ ಹೋಗುತ್ತದೆ ಎಂದರು. ಹಿಂಗಾಲಿನ ಬಳಿ ಗುಂಡ ಗುದ್ದಿದ ಗಾಯ ತೋರಿಸಿ, "ಅಲಗ್ ರಾಖೋ, ಕಾಕಾ", ಬೇರೆಬೇರೆ ಇಡಿ ಎಂದರು. ಆಮೆಗಳಿಗೆ ಜೊತೆ ಬೇಕಿಲ್ಲ, ದೊಡ್ಡದು ಕಣ್ಣಿಗೆ ಬಿದ್ದರೂ ಇದು ಹೆದರುತ್ತದೆ, ಎರಡಕ್ಕೂ ಬೇರೆ ಮನೆಯೇ ಆಗಬೇಕು ಎಂದು ವಿವರಿಸಿದರು.

ಅಪ್ಪ "ಬೆಣ್ಣೇ" ಎನ್ನುತ್ತ ಕೈ ಚಾಚಿದರು. ಅದು ಬುಸ್ಸೆಂದು ತಲೆ ಒಳಗೆಳೆದುಕೊಂಡಿತು. ಅಪ್ಪನ ಕೈ ಅಲ್ಲೇ ನಿಂತಿತು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ವಾದ ಶುರುವಾಯಿತು. "ಗುಂಡನನ್ನು ನೀನು ತಕ್ಕೊಂಡು ಹೋಗು. ಇದು ನನ್ನ ಹತ್ರ ಇರ್ಲಿ" ಎಂದರು ಅಪ್ಪ.

ನನಗೆ ಸಿಟ್ಟು ನೆತ್ತಿಗೇರಿತು. "ಇದಕ್ಕೆ ಒಣ ಮಣ್ಣು ಬೇಕಪ್ಪ, ನಮ್ಮ ಹಿತ್ತಲಲ್ಲಿ ಉಂಟು. ಗುಂಡ ಗಟ್ಟಿಮುಟ್ಟು, ನಿಮ್ಮ ಅಂಗಳಕ್ಕೆ ಮಣ್ಣು ಹಾಕಿಸುವವರೆಗೆ ತಡೀತದೆ. ಇದು ತಡೀತದಾ? ಅದು ತಿನ್ನದೆ ಕೂತ್ರೆ ನೀವು ಬಾಯಿ ಬಿಡಿಸದೆ ಇರ್ತೀರಾ?"

ಅಪ್ಪ "ಇರ್ಲಿಕ್ಕೆ ಆಗೂದಿಲ್ಲ" ಎಂದರು. ಮನೆ ತಲುಪಿದ ಮೇಲೆ ತಾವೇ ರಟ್ಟಿನ ಪೆಟ್ಟಿಗೆಗೆ ಟವೆಲು ಹಾಸಿ, ಬೆಣ್ಣೆಯನ್ನು ಅದರಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ನಮ್ಮಲ್ಲಿ ಇಂಜೆಕ್ಷನ್ ಆಯಿತು, ಬೆಚ್ಚಗಿಡಲು ದೀಪ ಹಾಕಿದ್ದಾಯಿತು, ದಿನವೂ ಬಿಸಿಲಿಗೆ ಬಿಟ್ಟದ್ದಾಯಿತು. ಬೆಣ್ಣೆ ಏನನ್ನೂ ಮುಟ್ಟಲಿಲ್ಲ. ಹೋಟೆಲಿನ ಗದ್ದಲದ ನಡುವಿನಿಂದ ಅಪ್ಪನ ಫೋನು ಬರುತ್ತಲೇ ಇತ್ತು. ತಿಂತಾ? ಇಲ್ಲ. ಈಗ? ಇಲ್ಲಪ್ಪ. ಆ ಪ್ರಶ್ನೆ ಕೇಳಿ ಕೇಳಿ ನನಗೂ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಸತ್ತುಹೋದರೆ ಅಪ್ಪನಿಗೆ ಏನು ಹೇಳಲಿ ಎಂದು ಎದ್ದೆದ್ದು ಹೋಗಿ ಪೆಟ್ಟಿಗೆ ನೋಡಿ ಬರುತ್ತಿದ್ದೆ.

ತಡೆಯಲಾಗದೆ ಅವರೇ ರೈಲು ಹತ್ತಿ ಬಂದರು, ಕೈಯಲ್ಲಿ ದಾಸವಾಳದ ಎಲೆಯ ಕಟ್ಟು. ನಾನು ನಾಲ್ಕು ಎಲೆಯನ್ನು ಹಿತ್ತಲಲ್ಲಿ ಮಗ್ಗುಲಾಗಿಸಿದ್ದ ಪೆಟ್ಟಿಗೆಯ ಮುಂದಿಟ್ಟು ಬಂದು ಕಿಟಕಿಯ ಬಳಿ ನಿಂತೆ. ಅಪ್ಪ ಅಡುಗೆಮನೆಯಲ್ಲಿ ಶತಪಥ ಹಾಕುತ್ತಿದ್ದರು. ಬೆಣ್ಣೆ ಪೆಟ್ಟಿಗೆಯಿಂದ ಹೊರಗೆ ಬಂತು. ಎಲೆಯನ್ನು ಮೂಸಿತು. ಕಚ್ಚಿತು.

"ಅಪ್ಪ, ತಿಂತಾ ಉಂಟು!"

ಅವರು ಒಂದೇ ನೆಗೆತಕ್ಕೆ ಹಿತ್ತಲ ಬಾಗಿಲಿಗೆ ಬಂದು ಚಿಲಕಕ್ಕೆ ಕೈಹಾಕಿದರು. ನಾನು ಬೇಡ ಎನ್ನುವ ಮೊದಲೇ ಆ ಕೈಯನ್ನು ಹಿಂದಕ್ಕೆ ತೆಗೆದು, ಗೋಡೆಗೆ ಮುಖಮಾಡಿ ನಿಂತರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ನೀನು ನೋಡು" ಎಂದರು, ಪಿಸುದನಿಯಲ್ಲಿ. "ಮೆಲ್ಲಗೆ ಹೇಳು ನಂಗೆ. ನಾನು ಬಂದದ್ದು ಅದಕ್ಕೆ ಗೊತ್ತಾಗೂದು ಬೇಡ."