ಗಾಲಿಗೆ ಕೊಟ್ಟ ಕಲ್ಲು

ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯವರು ಹೊಸದುರ್ಗದ ಕಡೆ ಅದಿರು ತೆಗೆಸುತ್ತಿದ್ದ ಸಾಹುಕಾರರೊಬ್ಬರ ಜೀಪು ಓಡಿಸುತ್ತಿದ್ದರು. ಹೊಳಲ್ಕೆರೆಯಲ್ಲಿ ನಮ್ಮ ಮನೆ. ಮನೆಯಲ್ಲಿ ಅವರು, ನಾನು, ನಮ್ಮತ್ತೆ, ಮೂರೇ ಜನ. ಜೀಪು ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಗಾಡಿ. ನನಗೆ ಜ್ವರ ಬಂದರೆ ಮಾತ್ರೆ ತರುವುದನ್ನು ಮರೆಯುತ್ತಿದ್ದವರು ಅದಕ್ಕೆ ಗ್ರೀಸು ಹಾಕುವುದನ್ನು ಎಂದೂ ಮರೆತವರಲ್ಲ. ದೂರು ಹೇಳುತ್ತಿಲ್ಲ, ಇದ್ದದ್ದು ಹಾಗೆ.

ಅವರು ಕೆಲಸ ಕಲಿತದ್ದು ಹಿರಿಯೂರಿನ ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಉಸ್ತಾದರು ಜಾಕ್ ವಿಷಯದಲ್ಲಿ ಬಹಳ ಖಡಕ್ಕಂತೆ. ಆ ಉಸ್ತಾದರನ್ನು ನಾನು ಕಣ್ಣಿಂದ ನೋಡಿಲ್ಲ, ಆದರೆ ಅವರ ಪಾಠವೆಲ್ಲ ಊಟದ ಹೊತ್ತಿಗೆ ನನ್ನ ಕಿವಿಗೆ ಬೀಳುತ್ತಿತ್ತು. ನೆಲ ಗಟ್ಟಿ ಇರುವ ಕಡೆ ಗಾಡಿ ನಿಲ್ಲಿಸಬೇಕು. ಜಾಕಿನ ಕೆಳಗೆ ಹಲಗೆ ಕೊಡಬೇಕು, ಇಲ್ಲದಿದ್ದರೆ ಅದು ಮಣ್ಣಿಗೆ ಇಳಿಯುತ್ತದೆ. ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಸಡಿಲ ಮಾಡಿಕೊಳ್ಳಬೇಕು. ಎತ್ತಿದ ಮೇಲೆ ಸ್ಟೆಪ್ನಿ ಚಕ್ರವನ್ನು ಚಾಸಿಯ ಕೆಳಗೆ ತಳ್ಳಬೇಕು. ಜಾಕ್ ಕೈಕೊಟ್ಟರೂ ಗಾಡಿ ಅದರ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ. ಇದಕ್ಕೆಲ್ಲ ಮೊದಲು ನೆಲದಲ್ಲಿರುವ ಗಾಲಿಗಳಿಗೆ ಕಲ್ಲು ಕೊಡಬೇಕು.

“ಬ್ರೇಕು, ಗೇರು ಯಾವ್ದೂ ನಂಬಬ್ಯಾಡ. ಹಿಂದಿನ ಒಂದು ಗಾಲಿ ನೆಲ ಬಿಡ್ತು ಅಂದ್ರೆ ಎರಡೂ ಹಿಡಿಯಲ್ಲ. ಆಮೇಲೆ ಕಲ್ಲೇ ಗತಿ,” ಅನ್ನುತ್ತಿದ್ದರು ಇವರು, ನಾಳೆ ಬೆಳಗ್ಗೆ ನಾನೇ ಜೀಪು ಎತ್ತಲು ಹೊರಟವಳ ಹಾಗೆ. ನಾನು ಹೂಂ ಅಂದು ಮುದ್ದೆ ಬಡಿಸುತ್ತಿದ್ದೆ.

ನಮ್ಮತ್ತೆಯ ತವರಿನವರ ದೇವರು ಜೋಗಿಮಟ್ಟಿ ಕಾಡಿನಿಂದ ಆಚೆಗೆ ಒಂದು ಗುಡ್ಡದ ಮೇಲೆ ಇತ್ತು. ಗುಡಿ ಅನ್ನುವಂಥದ್ದೇನಿಲ್ಲ, ಬಂಡೆಯ ಮರೆಯಲ್ಲಿ ಒಂದು ಕಲ್ಲು. ಅಲ್ಲೇ ಒಲೆ ಹೂಡಿ ಹುಗ್ಗಿ ಬೇಯಿಸಿ ಎಡೆ ಇಡುವುದು ಪದ್ಧತಿ. ಒಂದು ಸೋಮವಾರ ಹೋಗಲೇಬೇಕೆಂದು ಅತ್ತೆ ಹಟ ಹಿಡಿದರು. ಸಾಹುಕಾರರು ಜೀಪು ತೆಗೆದುಕೊಂಡು ಹೋಗಲು ಒಪ್ಪಿದರು. ಆದರೆ ಚಿತ್ರದುರ್ಗದಲ್ಲಿ ಪಂಚರಿಗೆ ಕೊಟ್ಟಿದ್ದ ಸ್ಟೆಪ್ನಿ ಇನ್ನೂ ವಾಪಸು ಬಂದಿರಲಿಲ್ಲ. ಮುಂದಿನ ವಾರ ಹೋಗೋಣ ಎಂದು ಇವರು ಅಂದದ್ದಕ್ಕೆ ಅತ್ತೆ, “ದೇವರ ಕೆಲ್ಸಕ್ಕೆ ಹೊಂಟಾಗ ಅದಿಲ್ಲ ಇದಿಲ್ಲ ಅನ್ನಬಾರ್ದಪ್ಪ,” ಅಂದರು. ಹೊರಟೆವು.

ಗುಡ್ಡದ ಅರ್ಧ ಏರಿದ ಮೇಲೆ ಜೀಪಿನ ಹಿಂಭಾಗದಲ್ಲಿ ಟಣ್ ಎಂದು ಸದ್ದಾಯಿತು. ಇವರು ಇಳಿದು, ಬಗ್ಗಿ ನೋಡಿ, ತಲೆ ಕೆರೆದುಕೊಂಡರು. ಹಿಂದಿನ ಸ್ಪ್ರಿಂಗ್ ಪಟ್ಟಿಯನ್ನು ಅಚ್ಚಿಗೆ ಬಿಗಿದಿದ್ದ ಬೋಲ್ಟು ಸಡಿಲಾಗಿ ಪಟ್ಟಿ ಪಕ್ಕಕ್ಕೆ ಸರಿದಿತ್ತು. ಹಾಗೇ ಓಡಿಸಿದರೆ ಅಚ್ಚೇ ಕಳಚುತ್ತದೆ ಅಂದರು. ಸ್ವಲ್ಪ ಹಿಂದಕ್ಕೆ ಬಿಟ್ಟು, ದಾರಿಯಲ್ಲಿ ಇದ್ದುದರಲ್ಲೇ ಕಡಿಮೆ ಇಳಿಜಾರಿದ್ದ ಜಾಗದಲ್ಲಿ ಗಾಡಿ ನಿಲ್ಲಿಸಿದರು. ಅದೂ ಇಳಿಜಾರೇ. ಇಳಿದು ಓಡಾಡಿ ಕಲ್ಲು ಆರಿಸಿ ತಂದು ಮುಂದಿನ ಎರಡು ಗಾಲಿಗೂ ಹಿಂದಿನ ಒಂದಕ್ಕೂ ಕೊಟ್ಟರು. ಹಲಗೆ ಇಟ್ಟು, ಜಾಕ್ ಕೂರಿಸಿ, ಗಾಡಿ ಎತ್ತಿದರು. ಸ್ಟೆಪ್ನಿ ಇರಬೇಕಾದ ಕಡೆ ಚಪ್ಪಡಿ ಕಲ್ಲು ಒಂದರ ಮೇಲೊಂದು ಪೇರಿಸಿದರು. ಪೇರಿಸಿದ ಕಲ್ಲು ಸ್ಟೆಪ್ನಿಗೆ ಸಮ ಅಲ್ಲ ಎನ್ನುವುದು ಅವರಿಗೂ ಗೊತ್ತಿತ್ತು. “ಯಾರೂ ಜೀಪಿಗೆ ಒರಗಬ್ಯಾಡ್ರಿ, ಹತ್ತಬ್ಯಾಡ್ರಿ,” ಎಂದು ಹೇಳಿ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದರು. ಕಲ್ಲು ಮುಟ್ಟಬೇಡಿ ಎಂದು ಹೇಳಲಿಲ್ಲ. ಗಾಲಿಗೆ ಕೊಟ್ಟ ಕಲ್ಲನ್ನು ಯಾರು ಮುಟ್ಟುತ್ತಾರೆ?

ನಮ್ಮತ್ತೆ ಎತ್ತಿನ ಗಾಡಿಯ ಮನೆಯಲ್ಲಿ ಹುಟ್ಟಿ ಎತ್ತಿನ ಗಾಡಿಯ ಮನೆಗೇ ಬಂದವರು. ಎತ್ತು ಬಿಚ್ಚಿದ ಗಾಡಿ ಮೂತಿಯನ್ನು ನೆಲಕ್ಕೂರಿ ಕೂತುಬಿಡುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಒಂದು ಬದಿಗೆ ಹೆಗಲು ಕೊಟ್ಟು ಎತ್ತಿ, ಕೆಳಗೆ ಊರುಗೋಲು ನಿಲ್ಲಿಸಿ, ಗಾಲಿ ಕಳಚಿ ಕೀಲೆಣ್ಣೆ ಬಳಿಯುವುದನ್ನು ಅವರು ಚಿಕ್ಕಂದಿನಿಂದ ಕಂಡಿದ್ದರು, ಹೆಗಲೂ ಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಇಂಜಿನ್ ನಿಲ್ಲಿಸಿದ ಜೀಪು ಅಂದರೆ ಎತ್ತು ಬಿಚ್ಚಿದ ಗಾಡಿ.

ಬಿಸಿಲೇರಿತು. ಜೀಪಿನ ಹೊರಗೆ ಇವರ ಪಾದ ಎರಡೇ ಕಾಣುತ್ತಿದ್ದವು. ನನಗೆ ಸುಮ್ಮನೆ ಕೂತಿರಲು ಬರುವುದಿಲ್ಲ. “ರೀ, ನೀರು ಕೊಡ್ಲಾ?” ಅಂದೆ. “ತಡಿ, ಬಂದೆ,” ಅಂದರು. ಬರಲಿಲ್ಲ. “ರೀ, ಹೊಟ್ಟೆ ಹಸ್ಕಂಡಿರ್ತೀರಿ, ಒಸಿ ಮಂಡಕ್ಕಿನಾದ್ರೂ ತಿನ್ನಬರ್ರಿ,” ಅಂದೆ. “ತಡಿ, ಬಂದೆ,” ಅಂದರು. ಆ ‘ಬಂದೆ’ಗೆ ಅರ್ಥವಿಲ್ಲ ಎನ್ನುವುದು ಮದುವೆಯಾದ ಹೊಸತರಲ್ಲೇ ನನಗೆ ತಿಳಿದಿತ್ತು. ಅತ್ತೆಗೆ ಮಗನ ಮೇಲೆ ಕನಿಕರ ಬಂದು, ಬೆಲ್ಲದ ಕಾಫಿ ಕಾಯಿಸುತ್ತೇನೆ, ಪುಳ್ಳೆ ಆರಿಸಿಕೊಂಡು ಬಾ ಅಂದರು. ಹುಗ್ಗಿಗೆಂದು ತಂದಿದ್ದ ಪಾತ್ರೆ, ಬೆಲ್ಲ ಎಲ್ಲ ಇತ್ತಲ್ಲ.

ಪುಳ್ಳೆ ಸೆರಗಿಗೆ ತುಂಬಿಕೊಂಡು ಬರುವಷ್ಟರಲ್ಲಿ ಅತ್ತೆ ಮೂರು ಕಲ್ಲು ಹೂಡಿ ಮೇಲೆ ಪಾತ್ರೆ ಇಟ್ಟು ಕೂತಿದ್ದರು. ಮೂರೂ ಒಂದೇ ಎತ್ತರದ ಒಳ್ಳೆಯ ಕಲ್ಲು. ಅಂಥವು ಅಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಎಲ್ಲಿ ಸಿಕ್ಕವು ಅತ್ತೆ ಎಂದು ಮೆಚ್ಚಿಕೆಯಿಂದಲೇ ಕೇಳಿದೆ.

“ಎರಡು ಆ ಬಂಡೆ ತಾವ ಸಿಕ್ಕಿದ್ವು. ಇನ್ನೊಂದು ಮುಂದಿನ ಗಾಲಿ ಹಿಂದೆ ಇತ್ತು. ಸಲೀಸಾಗಿ ಬಂತು ಕಣವ್ವ. ಬಿಗಿಯಾಗಿದ್ರೆ ತೆಗೀತಿರಲಿಲ್ಲ. ಅಲ್ಲಿ ಇನ್ನೂ ಅವೆ ಬಿಡು.”

ನಾನು ಜೀಪಿನ ಕಡೆ ನೋಡಿದೆ. ಸಲೀಸಾಗಿ ಬಂದದ್ದು ಯಾಕೆಂದರೆ ಭಾರ ಅಷ್ಟು ಹೊತ್ತು ಆಚೆ ಬದಿಯ ಮುಂದಿನ ಗಾಲಿಯ ಕಲ್ಲಿನ ಮೇಲಿತ್ತು. ಅದು ಚಿಕ್ಕ ಕಲ್ಲು. ಕೆಳಗೆ ಇವರು ಸ್ಪ್ಯಾನರಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದೊಂದು ಏಟಿಗೂ ಆ ಚಿಕ್ಕ ಕಲ್ಲು ಗರಸಿನಲ್ಲಿ ಕರಕರ ಎನ್ನುತ್ತ ಹಿಂದಕ್ಕೆ ಜಾರುತ್ತಿತ್ತು. ಜಾಕ್ ಆಗಲೇ ನೆಟ್ಟಗಿರಲಿಲ್ಲ.

“ರೀ, ಹೊರಗೆ ಬರ್ರಿ,” ಎಂದು ಕೂಗಿದೆ.

“ತಡಿ, ಬಂದೆ.”

“ರೀ, ಬರ್ರಿ ಅಂದ್ರೆ.”

“ಬಂದೆ ತಡಿಯೇ. ಕಾಫಿ ಆರಿದ್ರೆ ಆರ್ಲಿ.”

ಬೆಳಗಿನಿಂದ ಅದೇ ದನಿಯಲ್ಲಿ ಅದೇ ಮಾತು ಕೂಗಿ ಕೂಗಿ ನಾನೇ ಅದನ್ನು ಸವೆಸಿಬಿಟ್ಟಿದ್ದೆ. ಗಂಡನನ್ನು ಕರೆಯಲು ನಮಗೆ ಇದ್ದದ್ದು ಅದೊಂದೇ. ಹೆಸರು ಹಿಡಿದು ಕರೆಯುವುದಿಲ್ಲ; ಕರೆದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೇಳಿಕೊಟ್ಟಿದ್ದರು, ನಾವು ಕಲಿತಿದ್ದೆವು. ಅವರದೇ ಹೆಸರಿನ ನೆರೆಮನೆಯ ಹುಡುಗನನ್ನೂ ನಾನು ಏ ಹುಡುಗ ಎಂದೇ ಕೂಗುತ್ತಿದ್ದೆ.

ಸೆರಗಿನ ಪುಳ್ಳೆ ಕೆಳಗೆ ಬಿತ್ತು. ನಾನು ಅವರ ಹೆಸರು ಕೂಗಿದೆ. ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದೆ.

ಸುತ್ತಿಗೆ ನಿಂತಿತು. ಏನೆಂದು ಕೇಳಲೂ ಇಲ್ಲ, ಒಂದೇ ಉರುಳಿಗೆ ಅವರು ಹೊರಗೆ ಬಂದರು. ಕೈ ಇನ್ನೂ ನೆಲದ ಮೇಲಿರುವಾಗಲೇ ಜೀಪು ಹಿಂದಕ್ಕೆ ಜಾರಿ, ಜಾಕ್ ಮಗುಚಿ, ಪೇರಿಸಿದ ಚಪ್ಪಡಿಗಳು ಚೆಲ್ಲಾಪಿಲ್ಲಿಯಾಗಿ, ಗಾಡಿ ಧಡ್ ಎಂದು ಕೂತಿತು. ಅವರ ಎದೆ ಇದ್ದ ಜಾಗದಲ್ಲಿ ಅಚ್ಚು ಇತ್ತು. ಆಮೇಲೆ ಹಿಂದಿನ ಗಾಲಿಯ ಕಲ್ಲನ್ನೂ ತಳ್ಳಿಕೊಂಡು ಒಂದು ಮೊಳದಷ್ಟು ಹಿಂದಕ್ಕೆ ಸರಿದು ನಿಂತಿತು.

ಅವರು ಎದ್ದು ಅಂಗಿಯ ಮಣ್ಣು ಕೊಡವಿಕೊಂಡರು. ಜೀಪನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನನಗೆ ಮೊದಲು ಬಂದದ್ದು ನಾಚಿಕೆ. ಭಯ ಆಮೇಲೆ ಬಂತು. ಅತ್ತೆ ಎದುರಿಗೇ ಇದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟೆ.

ಯಾರೂ ಯಾರನ್ನೂ ಬೈಯಲಿಲ್ಲ. ಇವರು ಒಲೆಯ ಹತ್ತಿರ ಬಂದು ಪಾತ್ರೆಯನ್ನು ಇಳಿಸಿ, “ಅವ್ವಾ, ಈ ಕಲ್ಲು ಬೇಕು,” ಎಂದಷ್ಟೇ ಹೇಳಿ ಎತ್ತಿಕೊಂಡರು. ಸಾಹುಕಾರರ ಜೀಪು, ಕಾಡಿನಲ್ಲಿ ಬಿಟ್ಟು ಬರುವಂತಿರಲಿಲ್ಲ. ಬಿದ್ದ ಮರದ ದಪ್ಪ ದಿಮ್ಮಿಯೊಂದನ್ನು ಎಲ್ಲಿಂದಲೋ ಉರುಳಿಸಿಕೊಂಡು ಬಂದರು. ಗಾಲಿಗಳಿಗೆ ಮೊದಲಿನದ್ದಕ್ಕಿಂತ ದೊಡ್ಡ ಕಲ್ಲುಗಳನ್ನು ಒದ್ದು ಒದ್ದು ಬಿಗಿ ಮಾಡಿದರು. ಮತ್ತೆ ಜಾಕ್ ಕೊಟ್ಟು, ದಿಮ್ಮಿಯನ್ನು ಚಾಸಿಯ ಕೆಳಗೆ ತಳ್ಳಿ, ಭಾರವನ್ನು ಅದರ ಮೇಲೆ ಇಳಿಸಿ, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿದರು. ನನ್ನನ್ನು ಮುಂದಿನ ಗಾಲಿಯ ಪಕ್ಕ ಕಾವಲು ಕೂರಿಸಿದ ಮೇಲೇ ಕೆಳಗೆ ಹೋದರು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ನನ್ನ ಪಕ್ಕ ಕೂತರು. ಈಗ ಶುರುವಾಗುತ್ತದೆ ಎಂದುಕೊಂಡೆ. ಹೆಸರು ಹಿಡಿದು ಕೂಗಿದ್ದಕ್ಕೆ ಅವರು ಏನಂದರೂ ತಿರುಗಿ ಮಾತಾಡಬಾರದು ಎಂದು ಹಲ್ಲು ಕಚ್ಚಿದೆ.

“ನಿಮ್ಮ ಮಾವ ಬಾವಿ ತೋಡುವಾಗ ಹೋದ್ರು ಅಂತ ನಿಂಗೆ ಗೊತ್ತಲ್ಲ,” ಅಂದರು. “ನಾನು ದಡದ ಮ್ಯಾಲೆ ಇದ್ದೆ ಕಣೆ. ಬುತ್ತಿ ತಗಂಡು ಹೋಗಿದ್ದೆ.”

ಅದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

“ಮೇಲಿಂದ ಮಣ್ಣು ಉದುರ್ತಿತ್ತು. ಕಂಡೆ. ‘ಇವ್ರೇ, ಮ್ಯಾಲೆ ಬರ್ರಿ’ ಅಂದೆ. ಬುತ್ತಿ ಬಂತು ಅಂದ್ಕಂಡ್ರು. ‘ತಡಿ, ಬಂದೆ’ ಅಂದ್ರು. ಹೆಸರು ಬಾಯಿಗೆ ಬಂದಿತ್ತು. ದಡದ ಮ್ಯಾಲೆ ನಮ್ಮ ಮಾವ ನಿಂತಿದ್ರು. ನುಂಗ್ದೆ.”

ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಅತ್ತೆ ಕೈ ಚಾಚಿ ಕಲ್ಲನ್ನು ಗಾಲಿಗೆ ಇನ್ನಷ್ಟು ಒತ್ತಿ ಹಿಡಿದರು. ಆಮೇಲೆ ತಮ್ಮ ಗಂಡನ ಹೆಸರು ಹೇಳಿದರು, ಯಾರನ್ನೋ ಕರೆಯುವಂತೆ, ಆದರೆ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.