ಹೆಜ್ಜೇನಿನ ಮರಕ್ಕೆ ಕೈ ಎತ್ತಿದ ಮೇಲೆ

ಹೊಲಿಗೆ ಮಿಷನ್ನಿನ ಮೋಟಾರು ಗುಂಯ್ ಎಂದರೆ ಈಗಲೂ ನನ್ನ ಕುತ್ತಿಗೆ ತಾನಾಗಿ ಒಳಕ್ಕೆ ಹೋಗುತ್ತದೆ. ಬದುಕಿನ ಅರ್ಧ ಭಾಗವನ್ನು ಈ ಮಿಷನ್ನಿನ ಮುಂದೆ ಕಳೆದವಳಿಗೆ ಅದರ ಸದ್ದಿನ ಹೆದರಿಕೆ ಎಂದರೆ ಯಾರಾದರೂ ನಕ್ಕಾರು. ನಗಲಿ. ನಾನು ಹುಟ್ಟಾ ಪುಕ್ಕಲು. ಗುಡುಗು, ನಾಯಿ, ಗ್ಯಾಸ್ ಸಿಲಿಂಡರ್, ತೂಗುಸೇತುವೆ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಇವೆಲ್ಲಕ್ಕೂ ನಾನು ಯಾವ ಭೇದವನ್ನೂ ಮಾಡದೆ ಹೆದರುತ್ತೇನೆ. ಆದರೆ ಜೇನಿಗೆ ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಿದವಳಲ್ಲ.

ಇಂಥವಳು ಗ್ರಾಮ ಪಂಚಾಯಿತಿಯ ಸದಸ್ಯೆಯಾದದ್ದು ಹೇಗೆ ಎಂದು ನೀವು ಕೇಳಬಹುದು. ನಮ್ಮ ವಾರ್ಡಿಗೆ ಮಹಿಳಾ ಮೀಸಲು ಬಂತು. ಚುನಾವಣೆಗೆ ನಿಲ್ಲುತ್ತೀರಾ ಎಂದು ಊರವರು ಮೊದಲು ಕೇಳಲು ಹೋದ ಮನೆಗೆ ಬೀಗ ಹಾಕಿತ್ತು. ಎರಡನೆಯ ಬಾಗಿಲು ನನ್ನ ಟೈಲರ್ ಅಂಗಡಿಯದು. ಇಲ್ಲ ಎನ್ನಲು ಹೆದರಿಕೆಯಾಗಿ ಹೂಂ ಅಂದೆ. ಆಮೇಲೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂಬುದನ್ನು ಮಾಡುವಾಗ ನನ್ನನ್ನೇ ಅದರ ಅಧ್ಯಕ್ಷೆಯನ್ನಾಗಿ ಕೂರಿಸಿದರು. ಆ ಹೆಸರನ್ನು ಒಂದೇ ಉಸಿರಿಗೆ ತಪ್ಪಿಲ್ಲದೆ ಹೇಳಲು ನನಗೆ ಒಂದು ಮಳೆಗಾಲ ಹಿಡಿಯಿತು. ಸಮಿತಿ ಎಂತ ಮಾಡಬೇಕು ಎಂದು ಕೇಳಿದ್ದಕ್ಕೆ, "ಎಂತ ಇಲ್ಲ ಅಕ್ಕ, ಮರಗಿಡ, ಹೊಳೆಬದಿ, ಜೇನು, ಚಿಟ್ಟೆ, ಇಂಥದ್ದನ್ನು ನೋಡಿಕೊಳ್ಳುದು," ಎಂದರು ಪಂಚಾಯಿತಿ ಅಧ್ಯಕ್ಷರು. ಚಿಟ್ಟೆ ಎಂದದ್ದು ಕೇಳಿ ಸಮಾಧಾನವಾಯಿತು. ಜೇನು ಎಂದದ್ದನ್ನು ಕೇಳಿಸಿಕೊಳ್ಳಲಿಲ್ಲ.

ನಮ್ಮ ಊರು ಇಚಿಲಂಪಾಡಿಯ ಕಡೆ, ಹೊಳೆಯ ಬದಿಯಲ್ಲಿ. ಆ ಹೊಳೆ ಕುಮಾರಧಾರೆಯನ್ನು ಕೂಡಿ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಬೇಸಿಗೆಯಲ್ಲಿ ನೋಡಿದರೆ ಮೊಣಕಾಲು ಮುಳುಗದ ನೀರು. ಮಳೆಗಾಲದಲ್ಲಿ ಮಾತ್ರ ಅದು ನಮ್ಮೂರನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ತೂಗುಸೇತುವೆಯ ಸ್ವಲ್ಪ ಕೆಳಗೆ, ದಡದ ತುದಿಯಲ್ಲಿ ಒಂದು ಧೂಪದ ಮರವಿದೆ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ. ದೀಪಾವಳಿ ಕಳೆದ ಮೇಲೆ ಎಲ್ಲಿಂದಲೋ ಹೆಜ್ಜೇನು ಬಂದು ಅದರ ಕೊಂಬೆಗಳಿಗೆ ಹಲಗೆ ಹಲಗೆಯಾಗಿ ತಟ್ಟಿ ಕಟ್ಟುತ್ತದೆ. ಮೊದಲ ಮಳೆಗೆ ಎದ್ದು ಹೋಗುತ್ತದೆ. ಮರದ ಬುಡದಲ್ಲೇ ಅಂಗನವಾಡಿಗೆ ಹೋಗುವ ದಾರಿ.

ಆ ಮರ ಕಡಿಯಬೇಕು ಎಂದು ಅರ್ಜಿ ಕೊಟ್ಟವರು ಲಿಂಗಪ್ಪ ಗೌಡರು. ಮರದ ಹಿಂದಿನ ತೋಟ ಅವರದು. ಎಪ್ಪತ್ತರ ಹತ್ತಿರದ ಮನುಷ್ಯ, ಮಂಡಿನೋವು, ಹೆಗಲ ಮೇಲೆ ಯಾವಾಗಲೂ ಒಂದು ಬೈರಾಸು, ನಮ್ಮ ಕಡೆಯ ಟವೆಲು. ಮನೆಯಲ್ಲಿ ಅರೆಭಾಷೆ, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ತುಳು. ಮೊಮ್ಮಗಳನ್ನು ದಿನವೂ ಆ ದಾರಿಯಲ್ಲಿ ಅಂಗನವಾಡಿಗೆ ಬಿಡುವುದು ಅವರೇ. ಗ್ರಾಮಸಭೆಯ ದಿನ ಅರಣ್ಯ ಇಲಾಖೆಯವರೊಬ್ಬರು ಬಂದು ಹೆಜ್ಜೇನು ಹೋದರೆ ಊರಿನ ಹೂ ಕಾಯಾಗುವುದು ಹೇಗೆ, ಮರ ಹೋದರೆ ದಡ ನಿಲ್ಲುವುದು ಹೇಗೆ ಎಂದು ವಿವರಿಸಿದರು. ಜೇನು ಎದ್ದರೆ ಕೈ ಬೀಸಬಾರದು, ಮುಖ ಮುಚ್ಚಿಕೊಂಡು ನೇರ ಓಡಿ ಬಾಗಿಲಿರುವ ಕೋಣೆಗೆ ಸೇರಿಕೊಳ್ಳಬೇಕು ಎಂದೂ ಹೇಳಿಕೊಟ್ಟರು. ಮರ ಉಳಿಸಬೇಕು, ಅದರ ಹತ್ತಿರ ಬೆಂಕಿ, ಹೊಗೆ, ಪಟಾಕಿ ಕೂಡದು, ದಡಕ್ಕೆ ಬಿದಿರು ಮತ್ತು ಹೊಂಗೆ ನೆಡಬೇಕು, ದಾರಿಯನ್ನು ಸುತ್ತು ಹಾಕಿಸಬೇಕು ಎಂದು ನಿರ್ಣಯ ಮಂಡನೆಯಾಯಿತು. ಸಮಿತಿಯ ಅಧ್ಯಕ್ಷೆ ಮೊದಲು ಕೈ ಎತ್ತಬೇಕಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೋಡುವವರ ಹೆದರಿಕೆಯಿಂದ ಎತ್ತಿದೆ.

ಸಭೆ ಮುಗಿದು ಹೊರಗೆ ಬರುವಾಗ ಗೌಡರು ಮೆಟ್ಟಿಲ ಬಳಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಕೈ ಎತ್ತಿದ್ದು ಸರಿ ಅಕ್ಕ. ನಾಳೆ ಅಲ್ಲಿ ಯಾರಾದ್ರೂ ಸತ್ತರೆ ಆ ಮನೆಗೆ ಸುದ್ದಿ ಹೇಳ್ಲಿಕ್ಕೆ ನೀವೇ ಹೋಗಬೇಕು," ಎಂದು ಮೆಲ್ಲಗೆ ಹೇಳಿ ಇಳಿದು ಹೋದರು.

ಸಂರಕ್ಷಣೆ ಎಂಬ ಪದವನ್ನು ಬರೆದವರು ಅದರ ಆಮೇಲಿನ ದಿನಗಳ ಬಗ್ಗೆ ಏನೂ ಹೇಳುವುದಿಲ್ಲ. ಬೋರ್ಡು ಹಾಕಿ ಆಯಿತು. ಅದರ ಮೇಲೆ ಮರದ ಹೆಸರು, ಜೇನಿನ ಹೆಸರು, ಕೆಳಗೆ ಸಮಿತಿಯ ಹೆಸರು. ಬಿಸಿಲಲ್ಲಿ ಓದಿದರೆ ಕೊನೆಯ ಸಾಲಿನಲ್ಲಿ ನನ್ನ ಹೆಸರೇ ಇದ್ದಂತೆ ಕಾಣುತ್ತಿತ್ತು. ಅಲ್ಲಿಯವರೆಗೆ ಜೇನು ಜೇನಿನ ಪಾಡಿಗೆ ಇತ್ತು, ನಾನು ಸುತ್ತು ಹಾಕಿ ಹೋಗುತ್ತಿದ್ದೆ. ಈಗ ಅದು ನನ್ನ ಜೇನು. ರಸ್ತೆಯಲ್ಲಿ ಆಂಬುಲೆನ್ಸ್ ಸದ್ದಾದರೆ ಕತ್ತರಿ ಕೆಳಗಿಟ್ಟು ಅದು ಹೊಳೆಯ ಕಡೆಗೆ ತಿರುಗಿತೋ, ನೆಟ್ಟಗೆ ಹೋಯಿತೋ ಎಂದು ಕಿವಿ ಕೊಡುತ್ತಿದ್ದೆ. ರವಿಕೆಯ ಅಳತೆ ಕೊಡಲು ಬಂದವರು, "ಅಕ್ಕಾ, ಒಂದು ಸುದ್ದಿ ಗೊತ್ತುಂಟಾ?" ಎಂದು ಶುರು ಮಾಡಿದರೆ ಟೇಪು ಕೈಯಿಂದ ಜಾರುತ್ತಿತ್ತು. ಸುದ್ದಿ ನೋಡಿದರೆ ಯಾರದೋ ನಿಶ್ಚಿತಾರ್ಥ.

ಹೆದರಿಕೆ ಹೆಚ್ಚಾದವರು ಓದಲು ಶುರು ಮಾಡುತ್ತಾರೆ. ನಾನೂ ಮೊಬೈಲಿನಲ್ಲಿ ಹೆಜ್ಜೇನಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಒಂದು ಜೇನು ಚುಚ್ಚಿದರೆ ಆ ಕೊಂಡಿಯಿಂದ ಕಳಿತ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದಂತೆ. ಅದನ್ನು ಹಿಡಿದು ಉಳಿದವು ಬರುತ್ತವಂತೆ. ಕೆಲವು ವಾರ ಮನೆಗೆ ಬಾಳೆಹಣ್ಣು ತರುವುದನ್ನೇ ಬಿಟ್ಟೆ. ಆ ಜೇನುತಟ್ಟಿಯ ಮೇಲೆ ಆಗಾಗ ಒಂದು ಅಲೆ ಓಡುವುದನ್ನು ನೀವು ನೋಡಿರಬಹುದು, ಕಪ್ಪು ಬಟ್ಟೆಯನ್ನು ಯಾರೋ ಕೊಡವಿದ ಹಾಗೆ. ಅದು ಸಿಟ್ಟು ಎಂದು ತಿಳಿದಿದ್ದೆ. ಕಣಜ ಹತ್ತಿರ ಬಂದಾಗ ಅದನ್ನು ಹೆದರಿಸಲು ಎಲ್ಲವೂ ಒಟ್ಟಿಗೆ ಹೊಟ್ಟೆ ಎತ್ತಿ ಮಾಡುವ ಕೆಲಸವಂತೆ ಅದು. ಅಂದರೆ ಮೇಲಿದ್ದವರೂ ನನ್ನ ಹಾಗೆಯೇ ದಿನವಿಡೀ ಯಾರಿಗೋ ಹೆದರಿಕೊಂಡು ಕೂತವರು. ಇದನ್ನು ಓದಿ ಸ್ವಲ್ಪ ಸ್ನೇಹ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಹೆದರಿದವರು ಎಂತಾದರೂ ಮಾಡುತ್ತಾರೆ ಎಂಬುದು ನನಗೆ ನನ್ನಿಂದಲೇ ಗೊತ್ತಿತ್ತು.

ಅದು ಆದದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಸುತ್ತುದಾರಿಗೆ ಗೌಡರ ತೋಟದ ಅಂಚು ಸ್ವಲ್ಪ ಬೇಕಿತ್ತು. ಗೊಣಗುತ್ತಲೇ ಒಪ್ಪಿದ್ದರು. ಎಲ್ಲಿ ಗೂಟ ಹಾಕುವುದು ಎಂದು ನೋಡಲು ನಾವಿಬ್ಬರೂ ಹೋಗಿದ್ದೆವು. ಮರ ನಮ್ಮಿಂದ ಸಾಕಷ್ಟು ದೂರದಲ್ಲಿತ್ತು. ತೂಗುಸೇತುವೆಯ ಮೇಲೆ ಯಾರೋ ಮದುವೆಯಾಗುವ ಹುಡುಗ ಹುಡುಗಿ ನಿಂತು ಫೋಟೊ ತೆಗೆಸುತ್ತಿದ್ದರು. ಹುಡುಗಿಯ ಲಂಗದ ಅಂಚು ಚೆನ್ನಾಗಿ ಮಡಿಸಿಲ್ಲ ಎಂದು ನೋಡುತ್ತಿದ್ದವಳಿಗೆ ಒಂದು ಗುಂಯ್ ಸದ್ದು ಕೇಳಿತು. ತಲೆ ಎತ್ತಿದರೆ ಡ್ರೋನ್. ಸೇತುವೆಯಿಂದ ಮೇಲೆದ್ದು, ಹೊಳೆಯ ಮೇಲೆ ಬಾಗಿ, ನೆಟ್ಟಗೆ ಧೂಪದ ಮರದ ನೆತ್ತಿಯತ್ತ ಹೋಯಿತು. ನಮ್ಮ ಬೋರ್ಡಿನಲ್ಲಿ ಬೆಂಕಿ, ಹೊಗೆ, ಪಟಾಕಿ ಕೂಡದು ಎಂದೂ ಇತ್ತು. ಡ್ರೋನ್ ಎಂದು ಬರೆಸಲು ಯಾರಿಗೂ ಹೊಳೆದಿರಲಿಲ್ಲ.

ತಟ್ಟಿಯ ಮೇಲೆ ಅಲೆ ಓಡಿತು. ಮತ್ತೊಮ್ಮೆ ಓಡಿತು. ಆಮೇಲೆ ತಟ್ಟಿಯೇ ಕಳಚಿ ಬಿದ್ದ ಹಾಗೆ ಕಂಡಿತು.

ಕೈ ಬೀಸಬಾರದು ಎಂದು ಊರಿನ ಅಷ್ಟೂ ಸ್ವಸಹಾಯ ಸಂಘಗಳಿಗೆ ಹೇಳಿಕೊಟ್ಟವಳು ನಾನು. ಎರಡೂ ಕೈ ಬೀಸುತ್ತ ಓಡಿದೆ. ಕಿವಿಯ ಹಿಂದೆ ಒಂದು ಚುಚ್ಚಿತು, ಹಣೆಗೆ ಒಂದು, ಆಮೇಲೆ ಎಲ್ಲೆಲ್ಲಿ ಎಂದು ತಿಳಿಯಲಿಲ್ಲ. ಅಂಗನವಾಡಿಯ ಟೀಚರ್ ಕುಸುಮಾ ಸದ್ದಿಗೇ ಕಿಟಕಿಗಳನ್ನು ಹಾಕಿದ್ದಳು. ನನ್ನನ್ನು ಕಂಡು ಬಾಗಿಲು ಅರ್ಧ ತೆರೆದಳು. ಒಳಗೆ ಬಿದ್ದೆ. ಬಾಗಿಲು ಮುಚ್ಚಿತು. ಮಕ್ಕಳೆಲ್ಲ ಮೂಲೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಗೌಡರ ಮೊಮ್ಮಗಳು ನನ್ನ ಹಿಂದೆ ನೋಡಿ, "ಅಜ್ಜ ಎಲ್ಲಿ?" ಎಂದಳು.

ಕಿಟಕಿಯ ಗಾಜಿನಿಂದ ನೋಡಿದೆ. ಅಜ್ಜ ದಾರಿಯ ಮಧ್ಯೆ ಕೂತಿದ್ದರು. ಮಂಡಿ ಕೈಕೊಟ್ಟಿರಬೇಕು. ಬೈರಾಸನ್ನು ತಲೆಗೆ ಸುತ್ತಿಕೊಂಡು, ಮುಖವನ್ನು ಮೊಣಕಾಲ ನಡುವೆ ತುರುಕಿಕೊಂಡಿದ್ದರು. ಬಿಳಿ ಅಂಗಿಯ ಬೆನ್ನು ಕಪ್ಪಾಗಿ ಕಾಣುತ್ತಿತ್ತು. ಆ ಕಪ್ಪು ಅಲುಗಾಡುತ್ತಿತ್ತು.

"ಹೋಗ್ಬೇಡಿ ಅಕ್ಕ, ನೀವೂ ಸಾಯ್ತೀರಿ," ಎಂದಳು ಕುಸುಮಾ. ನಾನು ಹೋಗುವ ಮಾತೇ ಎತ್ತಿರಲಿಲ್ಲ. ಅವಳು ಹಾಗೆಂದ ಮೇಲೆಯೇ ಹೋಗಬಹುದು ಎಂಬುದು ತಲೆಗೆ ಬಂದದ್ದು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಮಾತ್ರ ಜೇನಲ್ಲ. ಗೌಡರ ಮನೆಯ ಅಂಗಳ, ಬಾಗಿಲಲ್ಲಿ ಅವರ ಹೆಂಡತಿ, ಮೆಟ್ಟಿಲ ಕೆಳಗೆ ನಿಂತು ಬಾಯಿ ತೆರೆಯಲಾಗದ ನಾನು. ಜೇನು ಅದಕ್ಕಿಂತ ವಾಸಿ ಅನ್ನಿಸಿತು. ನಾನೀಗಲೂ ಅದನ್ನು ಧೈರ್ಯ ಎನ್ನುವುದಿಲ್ಲ.

ಮಕ್ಕಳು ಕೂರುವ ಜಮಖಾನ ಸುತ್ತಿ ಇಟ್ಟಿತ್ತು. ಅದನ್ನು ತಲೆಯಿಂದ ಕಾಲಿನವರೆಗೆ ಹೊದ್ದು, ಹಾಲಿನಪುಡಿ, ಧೂಳು, ಹಳೆಯ ಉಪ್ಪಿಟ್ಟಿನ ವಾಸನೆಯ ಆ ಕತ್ತಲೆಯೊಳಗೆ ನೆಲ ಮಾತ್ರ ನೋಡುತ್ತ ನಡೆದೆ. ಓಡಲು ಆಗಲಿಲ್ಲ, ಹೆಜ್ಜೆಗೊಮ್ಮೆ ಜಮಖಾನ ಕಾಲಿಗೆ ತೊಡರುತ್ತಿತ್ತು. ಗೌಡರ ಚಪ್ಪಲಿ ಕಂಡಾಗ ಜಮಖಾನವನ್ನು ಇಬ್ಬರ ಮೇಲೂ ಎಳೆದೆ. ಒಳಗೆ ಸಿಕ್ಕಿಕೊಂಡ ಜೇನುಗಳು ನಮ್ಮಿಬ್ಬರನ್ನೂ ಚುಚ್ಚುತ್ತಿದ್ದವು. "ಏಳಿ," ಎಂದೆ. "ಆಗುದಿಲ್ಲ, ನೀವು ಹೋಗಿ," ಎಂದರು. "ಸುದ್ದಿ ಹೇಳ್ಲಿಕ್ಕೆ ನನಗೆ ಆಗುದಿಲ್ಲ ಮಾರಾಯ್ರೆ, ಏಳಿ!" ಎಂದು ನಾನು ಕಿರುಚಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಹೆಗಲು ಹಿಡಿದು ಎದ್ದರು. ಅರ್ಧ ನಡೆದು, ಅರ್ಧ ತೆವಳಿ ಬಾಗಿಲು ಮುಟ್ಟಿದೆವು.

ಜೇನು ಇಳಿದ ಮೇಲೆ ಜೀಪು ಬಂತು. ಉಪ್ಪಿನಂಗಡಿ ದಾಟಿ ಪುತ್ತೂರು ಮುಟ್ಟುವವರೆಗೂ ಗೌಡರ ತಲೆ ನನ್ನ ಮಡಿಲಲ್ಲಿತ್ತು. ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು. ನಡುವೆ ನಿಂತಾಗ ನನ್ನದೂ ನಿಲ್ಲುತ್ತಿತ್ತು. ನನ್ನ ಒಂದು ಕಣ್ಣು ಊದಿ ಮುಚ್ಚಿತ್ತು, ಇನ್ನೊಂದರಲ್ಲಿ ಅವರ ಎದೆಯನ್ನೇ ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಒಯ್ದರು. ಅವರ ಹೆಂಡತಿ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಆಕೆ ನನ್ನ ಊದಿದ ಕೈಯನ್ನು ತನ್ನ ಸೆರಗಿನಲ್ಲಿ ಇಟ್ಟುಕೊಂಡು ಕೂತಿದ್ದರು. ಸಂಜೆ ಡಾಕ್ಟರು ಹೊರಬಂದು, "ಉಸಿರಾಟ ಸರಿಯಾಗ್ತಾ ಉಂಟು, ಇನ್ನು ಹೆದರುವುದು ಬೇಡ," ಎಂದರು. ಬೇಡ ಎಂದರೆ ಬಿಡುವ ಅಭ್ಯಾಸ ನನಗಿಲ್ಲ. ಆದರೂ ಅಲ್ಲೇ ಅತ್ತುಬಿಟ್ಟೆ.

ಗೌಡರು ಮನೆಗೆ ಬಂದ ಮೇಲೆ ಪಂಚಾಯಿತಿಯಲ್ಲಿ ವಿಶೇಷ ಸಭೆ. ಜಾಗ ಸಾಲದೆ ಜನ ವರಾಂಡದಲ್ಲಿ ನಿಂತಿದ್ದರು. ಕಡಿಯಿರಿ, ಇಲ್ಲವೇ ಹೊಗೆ ಹಾಕಿ ಓಡಿಸಿ ಎಂದು ಎಲ್ಲರೂ ಕೂಗುತ್ತಿದ್ದರು. ನಾನು ಎದ್ದು ನಿಂತೆ. ನಾನು ಮರದ ಪರ ಮಾತನಾಡಿದೆ ಎಂದು ನೀವು ಭಾವಿಸಿದರೆ ನನ್ನನ್ನು ಇಷ್ಟು ಹೊತ್ತು ಕೇಳಿಯೂ ಅರಿತಿಲ್ಲ. "ನನಗೆ ಸಾಕಾಯಿತು. ಇನ್ನೊಬ್ಬರ ಜೀವಕ್ಕೆ ಹೆದರಿಕೊಂಡು ಕೂತುಕೊಳ್ಳುವ ಶಕ್ತಿ ನನಗಿಲ್ಲ. ಕಡಿಯಲಿಕ್ಕೆ ಅನುಮತಿ ಕೇಳುವ," ಎಂದೆ.

ಆಗ ಹಿಂದಿನಿಂದ ಗೌಡರು ಕೋಲೂರಿ ಎದ್ದರು. ಮುಖದ ಊತ ಪೂರ್ತಿ ಇಳಿದಿರಲಿಲ್ಲ. "ಕಡಿಯುದು ಬೇಡ," ಎಂದರು.

ಅಧ್ಯಕ್ಷರು ಕನ್ನಡಕ ತೆಗೆದರು. "ಅರ್ಜಿ ಕೊಟ್ಟದ್ದು ನೀವೇ ಅಲ್ವಾ ಗೌಡರೆ?"

"ಹೌದು. ಆಗ ಮೊಮ್ಮಗಳ ವಿಷಯದಲ್ಲಿ ಅವಸರದಲ್ಲಿ ಹೆದರಿದ್ದು. ಆಸ್ಪತ್ರೆಯಲ್ಲಿ ಮಲಗಿ ಪುರುಸೊತ್ತಿನಲ್ಲಿ ಹೆದರಿ ನೋಡಿದೆ. ಮೇಲಿನ ತಿರುವಿನಲ್ಲಿ ದಡದ ಮರ ತೆಗೆದ ಮೇಲೆ ಒಂದೇ ಮಳೆಗಾಲಕ್ಕೆ ಜಾಗ ಎಷ್ಟು ಹೋಯ್ತು, ಎಲ್ಲರೂ ನೋಡಿದ್ದೀರಿ. ಈ ಧೂಪ ಹೋದರೆ ಮೊದಲು ನನ್ನ ತೋಟ, ಆಮೇಲೆ ಅಂಗನವಾಡಿ, ಆಮೇಲೆ ರಸ್ತೆ. ಜೇನು ಕಚ್ಚಿದರೆ ಪುತ್ತೂರು ಉಂಟು. ಹೊಳೆ ಬಂದರೆ ಎಲ್ಲಿಗೆ ಹೋಗುದು? ಮಕ್ಕಳನ್ನು ಆಚೆ ಕಳಿಸುವ, ಮರ ಇರಲಿ."

ಯಾರೋ, "ಗೌಡರಿಗೆ ಜೇನು ಮಂಡೆಗೆ ಕಚ್ಚಿದ್ದು," ಎಂದರು. ನಗು ಎದ್ದಿತು, ಗೌಡರೂ ನಕ್ಕರು. ನಗು ಇಳಿಯುವಷ್ಟರಲ್ಲಿ ಕೂಗೂ ಇಳಿದಿತ್ತು. ಹೆಜ್ಜೇನು ಇರುವ ತಿಂಗಳುಗಳಲ್ಲಿ ಅಂಗನವಾಡಿ ಯುವಕ ಮಂಡಲದ ಕೋಣೆಯಲ್ಲಿ ನಡೆಯಬೇಕು, ಮರದ ಬುಡದ ದಾರಿಗೆ ಬೇಲಿ, ಸೇತುವೆಯ ಸುತ್ತ ಡ್ರೋನ್ ಹಾರಿಸುವಂತಿಲ್ಲ ಎಂದು ತೀರ್ಮಾನವಾಯಿತು. ಮತ್ತೆ ಕೈ ಎತ್ತಲು ಹೇಳಿದರು. ಎತ್ತಿದೆ. ಈ ಸಲ ಹೆದರಿಕೆ ಮೊದಲಿಗಿಂತ ಹೆಚ್ಚಿತ್ತು, ಯಾವುದಕ್ಕೆ ಎತ್ತುತ್ತಿದ್ದೇನೆ ಎಂದು ಈಗ ಗೊತ್ತಿತ್ತು.

ಆ ಮಳೆಗಾಲದಲ್ಲಿ ಹೊಳೆ ದಡ ಮೀರಿ ಬಂತು. ನೆಟ್ಟ ಹೊಂಗೆಯ ಸಸಿಗಳಲ್ಲಿ ಅರ್ಧಕ್ಕರ್ಧ ಕೊಚ್ಚಿ ಹೋದವು. ಕೆಂಪು ನೀರು ಧೂಪದ ಬೇರಿಗೆ ಬಡಿದು ಸುತ್ತಿ ಸುತ್ತಿ ಹೋಗುವುದನ್ನು ಗೌಡರೂ ನಾನೂ ದೂರ ನಿಂತು ನೋಡಿದೆವು. ಬೀಳುತ್ತದೆ ಎಂದು ನಾನು, ಬೀಳುದಿಲ್ಲ ಎಂದು ಅವರು. ಹಾಗೆನ್ನುವಾಗ ಅವರ ಕೋಲು ನೆಲದ ಮೇಲೆ ಟಕಟಕ ಸದ್ದು ಮಾಡುತ್ತಿತ್ತು. ಮರ ಬೀಳಲಿಲ್ಲ. ಮುಂದಿನ ಮಳೆಗಾಲದ ಮಾತು ನನಗೆ ಗೊತ್ತಿಲ್ಲ.

ದೀಪಾವಳಿ ಬಂತು, ಹೋಯಿತು. ಕೊಂಬೆಗಳು ಬೋಳಾಗಿಯೇ ಇದ್ದವು. ಒಂದು ವಾರ ನೆಮ್ಮದಿಯಿಂದ ಹೊಲಿದೆ. ಎರಡನೆಯ ವಾರ ಯಾಕೋ ಹೊಲಿಗೆ ಸೊಟ್ಟ ಹೋಗತೊಡಗಿತು. ಬರದೇ ಹೋದರೆ? ಎಲ್ಲಾದರೂ ಮದ್ದು ಸಿಂಪಡಿಸಿದ ಹೂವಿಗೆ ಬಾಯಿ ಹಾಕಿದವೋ? ಯಾರಾದರೂ ಗುಟ್ಟಾಗಿ ಬೆಂಕಿ ಕೊಟ್ಟರೋ? ಜೇನು ಇದ್ದಾಗ ಮರದ ಹತ್ತಿರ ಸುಳಿಯದವಳು ದಿನವೂ ಬೇಲಿಯವರೆಗೆ ಹೋಗಿ ಕತ್ತೆತ್ತಿ ನೋಡಿ ಬರಲು ಶುರು ಮಾಡಿದೆ. ಖಾಲಿ ಕೊಂಬೆಯೂ ಹೆದರಿಸುತ್ತದೆ ಎಂದು ಆಗ ಗೊತ್ತಾಯಿತು.

ಕೊನೆಗೆ ಒಂದು ಮಧ್ಯಾಹ್ನ ಗೌಡರ ಫೋನು ಬಂತು. ದನಿ ತಗ್ಗಿತ್ತು, ಮರದ ಮೇಲಿನವರಿಗೆ ಕೇಳಿಸಬಾರದು ಎನ್ನುವ ಹಾಗೆ.

"ಅಕ್ಕ, ಬಂದವು. ಈಚೆ ಬರ್ಬೇಡಿ."

"ಎಷ್ಟು ಉಂಟು?"

ಅವರು ಒಂದು, ಎರಡು ಎಂದು ಎಣಿಸುವುದು ಕೇಳಿತು, ಆಮೇಲೆ ಎಣಿಕೆ ಬಿಟ್ಟರು.

"ಹೆದರಿಕೆ ಆಗುವಷ್ಟು ಉಂಟು," ಎಂದರು.

ಸದ್ಯ ಎಂದುಕೊಂಡು ಎದ್ದು ಅಂಗಡಿಯ ಕಿಟಕಿಗಳನ್ನೆಲ್ಲ ಹಾಕಿದೆ.